ಏರಿಗೆ ವರ್ಷಕ್ಕಿಷ್ಟು ಮಣ್ಣು

ಗಾರೆ ಕೆಲಸಕ್ಕೆ ಸುಣ್ಣ ಬೇಕು ಎಂದ ಪರದೇಶಿ ಮೇಸ್ತ್ರಿಯ ಮಾತು ಕೇಳಿ ಕೃಷ್ಣದೇವರಾಯ ಜೋರಾಗಿ ನಕ್ಕನಂತೆ. ಮೇಸ್ತ್ರಿಯ ಹೆಸರು ಜೋವಾ ಡಿ ಲಾ ಪಾಂಟೆ, ಪೋರ್ಚುಗೀಸರವನು. ಹೊಸಪೇಟೆಯ ಹತ್ತಿರ ಒಂದು ಕೆರೆ ಕಟ್ಟಿಸಲು ರಾಯ ಅವನನ್ನು ಕರೆಸಿದ್ದ. ಕೆರೆ ಹೇಗಿರಬೇಕೆಂದು ರಾಯ ವಿವರಿಸಿದಾಗ ಅದು ಆಗದ ಕೆಲಸವೆಂದು ಮೇಸ್ತ್ರಿಗೆ ಅನ್ನಿಸಿತು. ಆದರೂ ಒಪ್ಪಿಕೊಂಡು ಸುಣ್ಣ ಕೇಳಿದ. ಇಲ್ಲಿಯವರಿಗೆ ಮನೆ ಕಟ್ಟಲಿಕ್ಕೂ ಸುಣ್ಣ ಬಳಸಿ ಗೊತ್ತಿಲ್ಲ, ಅದಕ್ಕೇ ದೊರೆ ನಕ್ಕ ಎಂದು ಈ ಪ್ರಸಂಗವನ್ನು ಬರೆದಿಟ್ಟ ಕುದುರೆ ವ್ಯಾಪಾರಿ ನ್ಯೂನಿಜ್ ಷರಾ ಹಾಕುತ್ತಾನೆ. ಗಾರೆಯ ಅಲಂಕಾರವೇ ಎದ್ದು ಕಾಣುವ ಗೋಪುರಗಳ ರಾಜಧಾನಿಯ ಬಗ್ಗೆ ಈ ಮಾತು ನಂಬುವಂಥದ್ದಲ್ಲ. ರಾಯ ನಕ್ಕಿದ್ದು ಬೇರೆ ಕಾರಣಕ್ಕೇ ಇರಬೇಕು. ಮಣ್ಣಿನ ಏರಿಗೆ ಸುಣ್ಣವೇಕೆ?

ಆ ಕೆರೆಯ ಕೆಲಸ ನಡೆಯುವುದನ್ನು 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಣ್ಣಾರೆ ಕಂಡಿದ್ದ. ಹದಿನೈದಿಪ್ಪತ್ತು ಸಾವಿರ ಆಳುಗಳು ಇರುವೆಗಳ ಹಾಗೆ ಮುತ್ತಿಕೊಂಡು, ಕಾಲಡಿಯ ನೆಲವೇ ಕಾಣದಷ್ಟು ಕಿಕ್ಕಿರಿದು ದುಡಿಯುತ್ತಿದ್ದರು ಎನ್ನುತ್ತಾನೆ. ರಾಯ ಕೆಲಸವನ್ನು ತನ್ನ ನಾಯಕರಿಗೆ ಪಾಲು ಹಾಕಿ ಹಂಚಿದ್ದ. ತನ್ನ ಪಾಲಿನ ಆಳುಗಳಿಂದ ಕೆಲಸ ತೆಗೆಯುವುದು ಆಯಾ ನಾಯಕನ ಹೊಣೆ. ಇಷ್ಟು ಜನಬಲ ಇದ್ದೂ ಕೆರೆ ಎರಡು ಮೂರು ಸಲ ಒಡೆಯಿತು. ಹಗಲು ಕಟ್ಟಿದ್ದು ರಾತ್ರಿ ಕುಸಿಯುತ್ತಿತ್ತು ಎಂದು ನ್ಯೂನಿಜ್ ಬರೆಯುತ್ತಾನೆ. ಕಾರಣ ಕೇಳಿದರೆ, ದೇವರಿಗೆ ಬಲಿ ಬೇಕು ಎಂದರು ಬಲ್ಲವರು. ಅರವತ್ತು ಮಂದಿಯ ತಲೆ ಉರುಳಿತು, ಕುದುರೆ ಕೋಣಗಳೂ ಬಲಿಯಾದವು. ಆಮೇಲೆ ಕೆಲಸ ಮುಂದೆ ಸಾಗಿತು ಎನ್ನುತ್ತಾನೆ ನ್ಯೂನಿಜ್.

ಕನ್ನಡದ ಓದುಗರಿಗೆ ಇದು ಕೇಳರಿಯದ ಕಥೆಯಲ್ಲ. ‘ಕೆರೆಗೆ ಹಾರ’ದ ಕಲ್ಲನಕೇರಿ ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ, ಕಿರಿಸೊಸೆ ಭಾಗೀರಥಿಯನ್ನು ಕೊಟ್ಟ. ಪೋರ್ಚುಗೀಸ್ ಪ್ರವಾಸಿಯ ವರದಿಯನ್ನೂ ಗರತಿಯರ ಹಾಡನ್ನೂ ಎದುರುಬದುರು ಇಟ್ಟುಕೊಂಡು ಓದಿದರೆ, ಹಾಡು ಬರೀ ಕಲ್ಪನೆಯಲ್ಲ ಎಂಬ ಅನುಮಾನ ಬರದೆ ಇರದು. ಒಂದೇ ವ್ಯತ್ಯಾಸವೆಂದರೆ, ಹಾಡಿಗೆ ಸತ್ತವಳ ಹೆಸರು ಗೊತ್ತಿದೆ.

ಬಲಿಯಿಂದ ಏರಿ ನಿಂತಿತೋ, ಕಲ್ಲುಬಂಡೆಗಳಿಂದ ನಿಂತಿತೋ, ಅಂತೂ ನಿಂತಿತು. ಅದರ ನೀರಿನಿಂದ ಗದ್ದೆ ತೋಟ ಎದ್ದವು. ನೆಲ ಹದ ಮಾಡಿಕೊಳ್ಳಲೆಂದು ರೈತರಿಗೆ ಒಂಬತ್ತು ವರ್ಷ ಕಂದಾಯ ಮಾಫಿ ಇತ್ತು. ಅದು ಮುಗಿದ ಮೇಲೆ ವರ್ಷಕ್ಕೆ 20,000 ಪರ್ದಾವೊ (ಚಿನ್ನದ ನಾಣ್ಯ) ಹುಟ್ಟುವಳಿ ಬರತೊಡಗಿತು ಎಂಬ ಲೆಕ್ಕವನ್ನೂ ನ್ಯೂನಿಜ್ ಕೊಡುತ್ತಾನೆ. ಆದರೆ 1900ರಲ್ಲಿ ವಿಜಯನಗರದ ಚರಿತ್ರೆ ಪ್ರಕಟಿಸಿದ ರಾಬರ್ಟ್ ಸೆವೆಲ್, ಹೊಸಪೇಟೆಯಿಂದ ದಕ್ಷಿಣದ ತಾಲ್ಲೂಕುಗಳಿಗೆ ಹೋಗುವ ಹೆದ್ದಾರಿ ದಾಟುವ ಮಹಾ ಏರಿಯೇ ಈ ಕೆರೆಯದಿರಬೇಕೆಂದು ಗುರುತಿಸಿ, ಎಷ್ಟೋ ವರ್ಷಗಳಿಂದ ಅದು ಏನೂ ಉಪಯೋಗವಿಲ್ಲದೆ ಬಿದ್ದಿದೆ ಎಂದು ಬರೆದ.

ಕೆರೆ ಕಟ್ಟುವ ಶಾಸ್ತ್ರ ವಿಜಯನಗರದವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಕಲ್ಲಿನ ಮೇಲೆ ಕೆತ್ತಿಸುವಷ್ಟು ಚೆನ್ನಾಗಿ ಗೊತ್ತಿತ್ತು. ರಾಯನಿಗಿಂತ ಒಂದೂವರೆ ಶತಮಾನ ಹಿಂದೆ, 1369ರಲ್ಲಿ, ಒಂದನೆಯ ಬುಕ್ಕನ ಮಗ ಭಾಸ್ಕರ ಭವದೂರ ಉದಯಗಿರಿಯಲ್ಲಿ ಆಳುತ್ತಿದ್ದಾಗ ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಅನಂತರಾಜಸಾಗರ ಎಂಬ ಕೆರೆ ಕಟ್ಟಿಸಿದ. ದಿನಕ್ಕೆ ಸಾವಿರ ಆಳು, ಕಲ್ಲು ಸಾಗಿಸಲು ನೂರು ಬಂಡಿ, ಎರಡು ವರ್ಷದ ಕೆಲಸ. ಅಲ್ಲಿಯ ಭೈರವ ದೇವಸ್ಥಾನದ ಶಾಸನ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಹೆಸರಿಸುತ್ತದೆ.

ಧರ್ಮವಂತನೂ ಹಣವಂತನೂ ಕೀರ್ತಿ ಬಯಸುವವನೂ ಆದ ದೊರೆ ಮೊದಲನೆಯ ಅಂಗ, ಜಲಶಾಸ್ತ್ರ ಬಲ್ಲ ಪಂಡಿತ ಎರಡನೆಯದು. ದಾನದ ಕಲ್ಲಿಗೆ ಇದು ವಾಡಿಕೆಯ ಮರ್ಯಾದೆ. ಅಲ್ಲಿಂದಾಚೆಗೆ ಮಾತಾಡುವವನು ಎಂಜಿನಿಯರು. ಗಟ್ಟಿ ಜೇಡಿಯ ನೆಲ ಇರಬೇಕು. ಮೂರು ಯೋಜನ ದೂರದಿಂದ ಹರಿದು ಬರುವ ಸಿಹಿನೀರಿನ ಹೊಳೆ ಬೇಕು. ಹೊಳೆಗೆ ತಾಗಿದ ಗುಡ್ಡಗಳ ನಡುವೆ ಕಲ್ಲುಕಟ್ಟಡದ ಏರಿ ಬರಬೇಕು, ಅದು ಬಹಳ ಉದ್ದವಾಗಿರಬಾರದು, ಭದ್ರವಾಗಿರಬೇಕು. ಅಂಗಳ ವಿಸ್ತಾರವಾಗಿಯೂ ಆಳವಾಗಿಯೂ ಇರಬೇಕು. ಹತ್ತಿರದಲ್ಲೇ ನೀಳವಾದ ಕಲ್ಲು ಸಿಗುವ ಗಣಿ, ಕೆಳಗೆ ಸಮತಟ್ಟಾದ ಫಲವತ್ತು ಭೂಮಿ, ಕೊನೆಗೆ ಕೆಲಸ ಬಲ್ಲ ಆಳುಗಳ ತಂಡ. ದೋಷಗಳ ಪಟ್ಟಿ ಇನ್ನೂ ಖಾರವಾಗಿದೆ: ಏರಿಯಲ್ಲಿ ನೀರು ಜಿನುಗುವುದು, ಚೌಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ, ಅಂಗಳದ ನಡುವೆ ಆಮೆಯ ಬೆನ್ನಿನಂಥ ಉಬ್ಬು, ನೀರು ಕಡಿಮೆಯಾಗಿ ಜಮೀನು ಜಾಸ್ತಿಯಾಗುವುದು, ಜಮೀನು ಕಡಿಮೆಯಾಗಿ ನೀರು ಜಾಸ್ತಿಯಾಗುವುದು.

ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟಬೇಡಿ ಎಂದು ಆರುನೂರೈವತ್ತು ವರ್ಷ ಹಿಂದೆಯೇ ಕೆತ್ತಿಸಿದವನ ದೂರದೃಷ್ಟಿಗೆ ಕಾವೇರಿ, ಕೃಷ್ಣಾ, ಮಹದಾಯಿ ಎಂದು ನ್ಯಾಯಾಧಿಕರಣ ಸುತ್ತುವ ನಾವು ಕೈಮುಗಿಯಬೇಕು.

ಏರಿ ಬಹಳ ಉದ್ದ ಬೇಡ, ಭದ್ರವಾಗಿರಲಿ ಎಂಬ ಅಂಗಕ್ಕೆ ನಮ್ಮಲ್ಲಿ ಸೂಳೆಕೆರೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಈ ಕೆರೆಯನ್ನು ಸರ್ಕಾರದ ಕಾಗದಗಳು ಶಾಂತಿಸಾಗರ ಎನ್ನುತ್ತವೆ. ಸುತ್ತಳತೆ 40 ಮೈಲಿ ಎಂದು ಬಿ. ಎಲ್. ರೈಸ್ ಮೈಸೂರು ಗೆಜೆಟಿಯರಿನಲ್ಲಿ ಬರೆದ. ಜಲಾನಯನ ಸುಮಾರು 330 ಚದರ ಕಿಲೋಮೀಟರ್, ತುಂಬಿದಾಗ ನೀರು ಆವರಿಸುವ ಜಾಗ ಸುಮಾರು 6,550 ಎಕರೆ. ಇಷ್ಟನ್ನೆಲ್ಲ ಹಿಡಿದು ನಿಲ್ಲಿಸುವ ಏರಿಯ ಉದ್ದವಾದರೋ ಬರೀ 950 ಅಡಿ. ಹರಿದ್ರಾ ಹೊಳೆ ಎರಡು ಗುಡ್ಡಗಳ ನಡುವಿನ ಕಿಂಡಿಯಲ್ಲಿ ನುಸುಳಿ ತುಂಗಭದ್ರೆಯ ಕಡೆ ಹೋಗುತ್ತಿತ್ತು. ಆ ಕಿಂಡಿಯನ್ನು ಮುಚ್ಚಿದರೆ ಸಾಕು, ಮಿಕ್ಕದ್ದನ್ನು ಗುಡ್ಡಗಳೇ ನೋಡಿಕೊಳ್ಳುತ್ತವೆ ಎಂದು ಯಾರಿಗೋ ಹೊಳೆದಿದೆ. ಆ ಯಾರೋ ಉದ್ದದಲ್ಲಿ ಉಳಿಸಿದ್ದನ್ನು ಅಗಲ ಎತ್ತರಗಳಿಗೆ ಸುರಿದಿದ್ದಾರೆ. ಏರಿ ಪೂರಾ ನೆಟ್ಟಗಿಲ್ಲ, ಆದರೂ ಶತಮಾನಗಳ ಪ್ರವಾಹವನ್ನು ತಡೆದುಕೊಂಡಿದೆ ಎಂದು ರೈಸ್ ಮೆಚ್ಚಿಕೊಳ್ಳುತ್ತಾನೆ.

ಕಟ್ಟಿಸಿದವಳು ರಾಜಕುಮಾರಿ ಶಾಂತವ್ವೆ ಎನ್ನುತ್ತದೆ ಸೀಮೆಯ ಕಥೆ. ತಂದೆ ಸ್ವರ್ಗಾವತಿ ಪಟ್ಟಣದ ದೊರೆ ವಿಕ್ರಮರಾಯ. ತನ್ನ ಮೇಲೆ ಬಂದ ಅಪವಾದ ತೊಳೆದುಕೊಳ್ಳಲು ಕೆರೆ ಕಟ್ಟಿಸಲು ಹೊರಟವಳಿಗೆ ವೇಶ್ಯೆಯರ ಕೇರಿಯ ಜಾಗ ಬೇಕಾಯಿತು. ಕೆರೆಗೆ ನಮ್ಮ ಹೆಸರಿಟ್ಟರೆ ಕೊಡುತ್ತೇವೆ ಎಂದರು ಅವರು. ಕೊಟ್ಟರು, ಇಟ್ಟಳು. ರಾಜಕುಮಾರಿಯ ಹೆಸರು ಸರ್ಕಾರಿ ಫಲಕಕ್ಕೆ ಬಂತು, ಜನರ ಬಾಯಲ್ಲಿ ಆ ಕೇರಿಯವರ ಹೆಸರೇ ಉಳಿಯಿತು. ಕರಾರು ಮಾಡಿಕೊಳ್ಳುವುದು ಅವರಿಗೆ ಗೊತ್ತಿತ್ತು.

ಪೋರುಮಾಮಿಳ್ಳದ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದರೆ ಸೂಳೆಕೆರೆಯೂ ನಿರ್ದೋಷಿಯಲ್ಲ. ಅದರ ಕಾಲುವೆಗಳು ನೀರುಣಿಸುವ ಅಚ್ಚುಕಟ್ಟು ಸುಮಾರು 4,700 ಎಕರೆ, ಅಂದರೆ ಮುಳುಗಿಸಿದ ನೆಲಕ್ಕಿಂತ ಕಡಿಮೆ. ಆರನೆಯ ದೋಷ ಇದೇ. ಇಂಥ ಅಗಲ ಬಾಯಿಯ ಕೆರೆಯಲ್ಲಿ ನೀರಿನ ಒಂದು ಪಾಲು ಗದ್ದೆಗೆ, ಒಂದು ಪಾಲು ಬಿಸಿಲಿಗೆ.

ಕೆರೆಗೆ ಎರಡು ತೂಬು, ಸಿದ್ಧನ ತೂಬು ಮತ್ತು ಬಸವನ ತೂಬು. ನೀರಿನ ಒತ್ತಡ ವಿಪರೀತವಾದ್ದರಿಂದ ನೀರು ಹೊರಬೀಳುವ ಈ ಜಾಗ ಯಾವಾಗಲೂ ಅಪಾಯದ ಅಂಚಿನಲ್ಲೇ ಇತ್ತು ಎಂದು ಗೆಜೆಟಿಯರು ಎಚ್ಚರಿಸುತ್ತದೆ. ಇದು ಸೂಳೆಕೆರೆಯೊಂದರ ಕಷ್ಟವಲ್ಲ, ಮಣ್ಣಿನ ಏರಿಗಳ ಹಣೆಬರಹ.

ಹಳೆಯ ತೂಬೊಂದನ್ನು ಬೇಸಿಗೆಯಲ್ಲಿ ಕೆರೆಯಂಗಳಕ್ಕಿಳಿದು ನೋಡಬೇಕು. ಏರಿಯ ಒಳಮೈಗೆ ಹತ್ತಿರದಲ್ಲಿ ಎರಡು ಕಲ್ಲುಕಂಬ ಎದ್ದಿರುತ್ತವೆ. ಅವುಗಳ ನಡುವೆ ಮೆಟ್ಟಿಲಿನಂತೆ ಅಡ್ಡಹಾಸುಗಲ್ಲು, ಪ್ರತಿ ಕಲ್ಲಿಗೂ ನಡುವೆ ತೂತು. ಆ ತೂತುಗಳ ಮೂಲಕ ಒಂದು ಉದ್ದನೆಯ ಮರದ ಗಳು ಇಳಿದು, ತುದಿಯ ಬಿರಡೆ ತಳದ ಕಲ್ಲುಕುಣಿಯ ಬಾಯಿಗೆ ಕೂರುತ್ತದೆ. ಗಳು ಎತ್ತಿದರೆ ನೀರು ಏರಿಯ ಹೊಟ್ಟೆಯೊಳಗಿನ ಕಲ್ಲುಗೂಡಿನಲ್ಲಿ ಹರಿದು ಆಚೆ ಕಾಲುವೆಗೆ ಬೀಳುತ್ತದೆ. ಕಂಬದ ತಲೆಯ ಮೇಲೆ ಗಜಲಕ್ಷ್ಮಿಯೋ ಬಸವನೋ ಕೂತಿದ್ದರೆ ಅದು ಊರಿನ ಅನುಕೂಲಕ್ಕೆ ತಕ್ಕ ಭಕ್ತಿ. ತುಂಬಿದ ಕೆರೆಯಲ್ಲಿ ಈಜಿಕೊಂಡು ಹೋಗಿ ಈ ಗಳು ಎತ್ತುವುದು, ಬಿರಡೆಗೆ ಕಸ ಸಿಕ್ಕಿದರೆ ಮುಳುಗಿ ಬಿಡಿಸುವುದು ನೀರುಗಂಟಿಯ ಕೆಲಸ. ಹುಡುಗಾಟವಲ್ಲ, ಸೆಳೆತಕ್ಕೆ ಸಿಕ್ಕಿದರೆ ಜೀವಕ್ಕೇ ಸಂಚಕಾರ.

ಅಪಾಯ ಇರುವುದು ಕಲ್ಲೂ ಮಣ್ಣೂ ಕೂಡುವ ಸಂದಿನಲ್ಲಿ. ಕಲ್ಲುಗೂಡಿನ ಹೊರಮೈಯನ್ನು ಮಣ್ಣು ಎಷ್ಟೇ ಬಿಗಿಯಾಗಿ ಅಪ್ಪಿದ್ದರೂ ನೀರಿಗೆ ಒಂದು ಎಳೆ ದಾರಿ ಸಿಗುತ್ತದೆ. ಜಿನುಗುವ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಕೆಂಪಗೆ ಬರತೊಡಗಿತೆಂದರೆ ಒಳಗಿನ ಮಣ್ಣನ್ನು ಹೊತ್ತು ತರುತ್ತಿದೆ ಎಂದೇ ಅರ್ಥ. ಏಡಿ ಕೊರೆದ ಬಿಲ, ಹೆಗ್ಗಣದ ದೊಗರು, ಸತ್ತ ಮರದ ಬೇರು ಕೊಳೆತು ಉಳಿದ ಪೊಳ್ಳು, ಇವೂ ಅಂಥವೇ ಬಾಗಿಲುಗಳು. ಬೆರಳು ಗಾತ್ರದ್ದು ರಾತ್ರಿ ಕಳೆಯುವಷ್ಟರಲ್ಲಿ ಬಂಡಿ ಹಾಯುವಷ್ಟಾದೀತು.

ಇನ್ನೊಂದು ಸಾವು ನೆತ್ತಿಯಿಂದ ಬರುತ್ತದೆ. ಕಲ್ಲಿನ ಅಣೆಕಟ್ಟಿನ ಮೇಲೆ ನೀರು ಹಾಯ್ದರೆ ನೋಡಲು ಚೆಂದ, ಮಣ್ಣಿನ ಏರಿಯ ಮೇಲೆ ಹಾಯ್ದರೆ ಕೆರೆಯೇ ಹೋಯಿತು. ಅದಕ್ಕೇ ಕೋಡಿ. ಕೋಡಿಯ ಹಾಸಿನ ಮೇಲೆ ಹಿರಿಯರು ಸಾಲಾಗಿ ಗಿಡ್ಡ ಕಲ್ಲುಗಳನ್ನು ನೆಡುತ್ತಿದ್ದರು. ಮಳೆಗಾಲದ ಕೊನೆಯಲ್ಲಿ ಕಲ್ಲುಗಳ ನಡುವೆ ಹೆಂಟೆ, ಹುಲ್ಲು, ಸೊಪ್ಪು ತುರುಕಿದರೆ ಕೆರೆಯಲ್ಲಿ ಇನ್ನಷ್ಟು ನೀರು ನಿಲ್ಲುತ್ತದೆ. ಅಚ್ಚುಕಟ್ಟಿನ ರೈತನಿಗೆ ಅದೇ ಬೇಕು. ಅಂಗಳದ ಮೇಲಂಚಿನಲ್ಲಿ ಹೊಲ ಇರುವವನಿಗೆ ಅದು ಬೇಡ, ಅವನ ಬೆಳೆ ಮುಳುಗುತ್ತದೆ. ಒಬ್ಬ ಹಗಲು ಕಟ್ಟುತ್ತಾನೆ, ಇನ್ನೊಬ್ಬ ರಾತ್ರಿ ಕೀಳುತ್ತಾನೆ. ಅಕಾಲದ ಜಡಿಮಳೆ ಬಂದಾಗ ಆ ಹೆಂಟೆ ಕೀಳುವವರು ಯಾರೂ ಇಲ್ಲದೆ ಏರಿಯೇ ಕಿತ್ತುಹೋಗುವುದೂ ಉಂಟು. ಸರಪಳಿಯಂತೆ ಒಂದರ ಕೆಳಗೊಂದು ಇರುವ ಕೆರೆಗಳಲ್ಲಿ ಒಂದು ಒಡೆದರೆ ಅದರ ನೀರೆಲ್ಲ ಕೆಳಗಿನ ಕೆರೆಯ ಮೇಲೆ ಬೀಳುತ್ತದೆ, ಅದು ಇನ್ನೊಂದರ ಮೇಲೆ.

ಇಷ್ಟೆಲ್ಲ ಆಗಬಾರದೆಂದರೆ ಪ್ರತಿ ವರ್ಷ ಏರಿಗೆ ಮಣ್ಣು ಬೀಳಬೇಕು, ಹೂಳು ಆಚೆ ಹೋಗಬೇಕು, ಒಬ್ಬನಾದರೂ ಏರಿಯ ಮೇಲೆ ನಡೆದಾಡುತ್ತಿರಬೇಕು. ಪೋರುಮಾಮಿಳ್ಳದ ಹನ್ನೆರಡು ಅಂಗಗಳಲ್ಲಿ ಈ ವಾರ್ಷಿಕ ಆರೈಕೆ ಒಂದು ಅಂಗವಾಗಿ ಇಲ್ಲ. ಕೀರ್ತಿ ಬಯಸುವ ದೊರೆಗೆ ಕಟ್ಟಿಸಿದ್ದರಲ್ಲಿ ಹೆಸರಿದೆ, ರಿಪೇರಿಯಲ್ಲಿ ಏನಿದೆ? ಇವತ್ತಿನ ಶಂಕುಸ್ಥಾಪನೆಯ ಫಲಕಗಳನ್ನು ಓದಿದವರಿಗೆ ಇದು ಹೊಸತಲ್ಲ.

ಆ ಕೊರತೆ ತುಂಬುವುದು ಹಳ್ಳಿಯ ಚಿಕ್ಕ ಶಾಸನಗಳು. ಕನ್ನಡನಾಡಿನ ಉದ್ದಗಲಕ್ಕೂ ಬಿತ್ತುವಟ್ಟ, ದಶವಂದ, ಕಟ್ಟುಕೊಡಗೆ ಎಂಬ ಹೆಸರಿನ ದತ್ತಿಗಳು ಸಿಗುತ್ತವೆ. ಕೆರೆ ಕಟ್ಟಿದವನಿಗೋ ತಿದ್ದಿಸಿದವನಿಗೋ ಅದರ ಕೆಳಗೆ ಮಾನ್ಯದ ಗದ್ದೆ, ನೀರುಂಡ ಬೆಳೆಯಲ್ಲಿ ಕೆರೆಯ ಹೆಸರಿಗೆ ಒಂದು ಪಾಲು. ಎಲ್ಲಕ್ಕಿಂತ ಅಚ್ಚುಕಟ್ಟಾದದ್ದು ಕೆರೆಬಂಡಿಯ ದತ್ತಿ. ಹೂಳು ತೆಗೆದು ಏರಿಗೆ ಮಣ್ಣು ಹಾಕುವ ಬಂಡಿ ವರ್ಷವಿಡೀ ಓಡಲೆಂದು, ಅದನ್ನು ಎಳೆಯುವ ಕೋಣಗಳ ಮೇವಿಗೆ, ಗಾಲಿಯ ಎಣ್ಣೆಗೆ, ಗುದ್ದಲಿ ಹಾರೆಗಳಿಗೆ, ಆಳಿನ ಕೂಲಿಗೆ ಇಂತಿಷ್ಟು ಎಂದು ಭೂಮಿ ಬಿಡುತ್ತಿದ್ದರು. ಗಾಲಿಗೆ ಎಣ್ಣೆ ಬೇಕು ಎಂಬುದನ್ನು ಮರೆಯದೆ ಕಲ್ಲಿಗೆ ಹಾಕಿಸಿದವನಿಗೆ ಕೆರೆ ಎಂದರೆ ಏನೆಂದು ಗೊತ್ತಿತ್ತು. ತಮಿಳುನಾಡಿನ ಉತ್ತರಮೇರೂರಿನಲ್ಲಿ ಹತ್ತನೆಯ ಶತಮಾನದ ಚೋಳರ ಕಾಲಕ್ಕೇ ಕೆರೆಗೆಂದು ಬೇರೆ ಸಮಿತಿ ಇತ್ತು, ಸದಸ್ಯರನ್ನು ಚೀಟಿ ಎತ್ತಿ ಆರಿಸುತ್ತಿದ್ದರು.

ಆರೈಕೆ ಇದ್ದರೂ ಕೆಲವೊಮ್ಮೆ ಏರಿಯ ಶತ್ರು ಮನುಷ್ಯನೇ. ಮೇಲುಕೋಟೆಗೆ ಹೋಗುವ ದಾರಿಯ ತೊಣ್ಣೂರು ಕೆರೆಯ ತಿಳಿನೀರು ಕಂಡು ನಿಜಾಮನ ಮಗ ನಾಸಿರ್ ಜಂಗ್ 1746ರಲ್ಲಿ ಅದಕ್ಕೆ ಮೋತಿ ತಲಾಬ್ ಎಂದು ಹೆಸರಿಟ್ಟ. ಆ ಶತಮಾನ ಮುಗಿಯುವ ಮೊದಲು ಟಿಪ್ಪು ಸುಲ್ತಾನ್, ನೀರು ವೈರಿಯ ಸೈನ್ಯಕ್ಕೆ ಸಿಗಬಾರದೆಂದು ಏರಿ ಒಡೆಸಿದ. ಆಮೇಲೆ ಅದನ್ನು ಮತ್ತೆ ಕಟ್ಟಿದ್ದರಿಂದ ಇವತ್ತಿಗೂ ಅದು ತುಂಬಿ ನಿಲ್ಲುತ್ತದೆ. ಹಾವೇರಿ ಜಿಲ್ಲೆಯ ಮಾಸೂರಿನ ಮದಗದ ಕೆರೆಗೆ ಆ ಭಾಗ್ಯ ಪೂರ್ತಿ ದಕ್ಕಲಿಲ್ಲ. ಕುಮುದ್ವತಿಗೆ ಅಡ್ಡಲಾಗಿ ವಿಜಯನಗರದ ಕಾಲದಲ್ಲಿ ಕಟ್ಟಿದ ಅದರ ಏರಿ ತಳದಲ್ಲಿ 800 ಅಡಿಗೂ ಹೆಚ್ಚು ಅಗಲ, ಗುಡ್ಡ ಯಾವುದು ಏರಿ ಯಾವುದು ಹೇಳುವುದು ಕಷ್ಟ. ಅಂಥ ಏರಿ ಉಳಿಯಿತು, ಅದು ಹಿಡಿದಿದ್ದ ಮಹಾ ಕೆರೆ ಉಳಿಯಲಿಲ್ಲ. ಈಗಿರುವುದು ಹಳೆಯ ಕೆರೆಯ ಮಡಿಲಲ್ಲಿ ಕೂತ ಚಿಕ್ಕ ಕೆರೆ.

1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಮೇಜರ್ ಸ್ಯಾಂಕಿ (ಬೆಂಗಳೂರಿನ ಸ್ಯಾಂಕಿ ಕೆರೆಯ ಸ್ಯಾಂಕಿ) ಲೆಕ್ಕ ಹಾಕಿದ. 27,269 ಚದರ ಮೈಲಿಯ ಸಂಸ್ಥಾನದಲ್ಲಿ ಶೇಕಡ 60ರಷ್ಟು ನೆಲ ಕೆರೆಗಳ ಏರ್ಪಾಟಿಗೆ ಸೇರಿತ್ತು. ಇನ್ನೊಂದು ಹೊಸ ಕೆರೆಗೆ ಜಾಗ ಹುಡುಕುವುದೇ ಜಾಣತನದ ಕೆಲಸವಾದೀತು ಎಂದು ಅವನು ಬರೆದ. ಕೆರೆಗಳ ಚರ್ಚೆಯಲ್ಲಿ ಈ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ಅದರ ಬೆನ್ನಿಗಿದ್ದ ತೊಡಕನ್ನು ಕಡಿಮೆ ಜನ ಹೇಳುತ್ತಾರೆ. ಹೊಸದಾಗಿ ಕಟ್ಟಲು ಜಾಗವಿಲ್ಲ, ಸರಿ. ಇರುವುದನ್ನು ನೋಡಿಕೊಳ್ಳುವವರು ಯಾರು? ಸರ್ಕಾರ ತೂಬು, ಕೋಡಿಯ ಕಲ್ಲುಗಾರೆ ಕೆಲಸ ಮಾಡಿಸಿ ಕೆರೆಯನ್ನು ಒಂದು ಹದಕ್ಕೆ ತರುವುದು, ಆಮೇಲೆ ಏರಿಯ ಮಣ್ಣುಕೆಲಸ ರೈತರು ನಡೆಸಿಕೊಂಡು ಹೋಗುವುದು ಎಂಬ ಕಟ್ಟಳೆ ಬಂತು. ಕಾಗದದ ಮೇಲೆ ನ್ಯಾಯವಾಗಿಯೇ ಇತ್ತು. ಆದರೆ ಕಂದಾಯವೆಲ್ಲ ಖಜಾನೆಗೆ ಹೋಗಿ ಕೆರೆಯ ಪಾಲು ಊರಲ್ಲಿ ಉಳಿಯದಿದ್ದಾಗ ಬಿಟ್ಟಿ ಮಣ್ಣು ಹೊರಲು ಯಾರು ಬಂದಾರು? 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿ ರೆಗ್ಯುಲೇಷನ್ ಜಾರಿಗೆ ತಂದದ್ದೇ ಹಳ್ಳಿಗಳು ತಾವಾಗಿ ಮಾಡುತ್ತಿದ್ದದ್ದನ್ನು ಕಾನೂನಿನಿಂದ ಮಾಡಿಸಬೇಕಾಯಿತು ಎಂಬುದಕ್ಕೆ ಸಾಕ್ಷಿ.

ಸ್ವಾತಂತ್ರ್ಯದ ನಂತರ ಬಂದ 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ ಶಾನುಭೋಗ ಪಟೇಲರ ಜೊತೆ ತೋಟಿ, ತಳವಾರ, ನೀರುಗಂಟಿಗಳ ವಂಶಪಾರಂಪರ್ಯದ ಕೆಲಸವನ್ನೂ ಕೊನೆಗೊಳಿಸಿತು. ನೀರುಗಂಟಿಗಳು ಹೆಚ್ಚಿನ ಊರುಗಳಲ್ಲಿ ದಲಿತ ಮನೆತನದವರು. ಸುಗ್ಗಿಯ ಕಣದಲ್ಲಿ ಸಿಗುವ ಮೊರದ ಧಾನ್ಯಕ್ಕಾಗಿ ತಲೆಮಾರುಗಟ್ಟಲೆ ಊರಿನ ನೀರು ಕಾದವರು, ಎಷ್ಟೋ ಕಡೆ ಅದೇ ಊರಿನ ಬಾವಿ ಮುಟ್ಟುವಂತಿರಲಿಲ್ಲ. ಆ ಕಟ್ಟು ಕಳಚಿದ್ದು ಆಗಲೇಬೇಕಾದ ಕೆಲಸ. ಹಳೆಯ ಕೆರೆ ವ್ಯವಸ್ಥೆಯನ್ನು ಹಾಡಿ ಹೊಗಳುವವರು ಈ ಭಾಗವನ್ನು ನಾಜೂಕಾಗಿ ದಾಟಿಬಿಡುತ್ತಾರೆ. ತಪ್ಪಾದದ್ದು ಬೇರೆ ಕಡೆ: ಅವರು ಮಾಡುತ್ತಿದ್ದ ಕೆಲಸಕ್ಕೆ ಸಂಬಳ ಕೊಟ್ಟು ಯಾರನ್ನೂ ನೇಮಿಸಲಿಲ್ಲ. ಅಷ್ಟರಲ್ಲಿ ಪಂಪ್‌ಸೆಟ್ಟೂ ಬೋರ್‌ವೆಲ್ಲೂ ಬಂದವು. ತನ್ನ ಹೊಲದಲ್ಲೇ ನೀರಿದ್ದವನಿಗೆ ಏರಿಯ ಮೇಲಿನ ಏಡಿ ಬಿಲ ಏಕೆ ಕಾಣಬೇಕು?

2002ರಲ್ಲಿ ವಿಶ್ವಬ್ಯಾಂಕ್ ಸಾಲದೊಂದಿಗೆ ಶುರುವಾದ ಜಲಸಂವರ್ಧನೆ ಯೋಜನಾ ಸಂಘ ಹಳ್ಳಿ ಹಳ್ಳಿಗೆ ಕೆರೆ ಬಳಕೆದಾರರ ಸಂಘ ಕಟ್ಟಿ ಏರಿ, ತೂಬು, ಹೂಳಿನ ಕೆಲಸ ಮಾಡಿಸಿತು. ಸೂಳೆಕೆರೆಯ ನೀರು ಈಗ ಗದ್ದೆ ತೋಟಗಳಿಗಷ್ಟೇ ಅಲ್ಲ, ಕೊಳವೆಯಲ್ಲಿ ಚಿತ್ರದುರ್ಗ ನಗರದ ನಲ್ಲಿಗಳಿಗೂ ಹೋಗುತ್ತದೆ. ಕೋಲಾರದಲ್ಲಿ ಇನ್ನೂ ವಿಚಿತ್ರ: 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಪಂಪು ಮಾಡಿ ಅಲ್ಲಿನ ಒಣ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಆ ನೀರು ಅಂತರ್ಜಲಕ್ಕಷ್ಟೇ ಇಳಿಯಬೇಕು, ತೂಬಿನಿಂದ ನೇರ ಗದ್ದೆಗೆ ಬಿಡುವಂತಿಲ್ಲ ಎಂಬುದು ನಿಯಮ. ಅಲ್ಲಿ ರೈತ ಕೆರೆಯ ನೀರನ್ನು ತೆಗೆಯುವುದು ತೂಬಿನ ಗಳು ಎತ್ತಿ ಅಲ್ಲ, ಬೋರ್‌ವೆಲ್ ಮೋಟಾರಿನ ಸ್ವಿಚ್ ಒತ್ತಿ. ಹಿಂದೆಲ್ಲ ಬೇಸಿಗೆಗೆ ಒಣಗಿ ರಿಪೇರಿಗೆ ಬಿಡುವು ಕೊಡುತ್ತಿದ್ದ ಏರಿಗಳು ಈಗ ಹನ್ನೆರಡು ತಿಂಗಳೂ ನೀರಿಗೆ ಎದೆಯೊಡ್ಡಿ ನಿಲ್ಲಬೇಕಾಗಿದೆ. ಅವುಗಳಿಗೆ ಮಣ್ಣು ಹಾಕಿಸುವ ಹೊಣೆ ಸಣ್ಣ ನೀರಾವರಿ ಇಲಾಖೆಯದು, ಚಿಕ್ಕ ಕೆರೆಗಳಾದರೆ ಪಂಚಾಯಿತಿಗಳದು.